ಕೊನೆಗೌಡನ ಹಗ್ಗ

ಆಫೀಸು, ಮಕ್ಕಳ ಹೋಂವರ್ಕು ಅಂತ ಪುರಸೊತ್ತಿಲ್ಲದ ಗೆಳೆಯರೊಬ್ಬರು ಮೊನ್ನೆ ರಾಮನಗರದಲ್ಲಿ ಮೊದಲ ಸಲ ಬಂಡೆ ಹತ್ತಿ ಬಂದರು. "ನಮ್ಮ ಶಿರಸಿ ಕಡೆ ಇಂಥದ್ದೆಲ್ಲ ಎಲ್ಲಿತ್ತು ಮಾರಾಯ್ರೆ" ಅಂದರು. ಇತ್ತಲ್ಲ!

1856ರಲ್ಲಿ ನೌಕಾಪಡೆಯ ಅಧಿಕಾರಿಗಳು ಸಿದ್ದಾಪುರದ ಅಂಚಿನಲ್ಲಿರುವ ಜೋಗದ ಕಂದರಕ್ಕೆ ಅಡ್ಡಲಾಗಿ ಹಗ್ಗ ಕಟ್ಟಿ, ಅದರಲ್ಲಿ ನೇತಾಡುತ್ತ ರಾಜಾ ಧಾರೆಯ ಎತ್ತರ ಅಳೆದರು. ಸುಮಾರು 830 ಅಡಿ. ಆ ಸಾಹಸ ಗೆಜೆಟಿಯರಿಗೂ ಸೇರಿತು.

ನಮ್ಮ ಅಡಿಕೆ ತೋಟಗಳ ಕೊನೆಗೌಡರ ಹೆಸರುಗಳನ್ನು ಮಾತ್ರ ಯಾರೂ ಹಾಗೆ ಬರೆದಿಡಲಿಲ್ಲ. ಕಾಲಿಗೆ ತಳೆ ಹಾಕಿ ಮರ ಹತ್ತುವುದು, ಕೆಳಗಿಳಿಯದೆ ಪಕ್ಕದ ಮರವನ್ನೆಳೆದು ಅದಕ್ಕೆ ದಾಟುವುದು, ಕೊಯ್ದ ಕೊನೆಯನ್ನು ನೇಣಿನ ಮೇಲೆ ಜಾರಿಸಿ ಬಿಡುವುದು. ಕೆಳಗೆ ನೇಣು ಹಿಡಿದವ ಅದನ್ನು ಹಿಡಿದುಕೊಳ್ಳುತ್ತಾನೆ.

ಬಂಡೆ ಹತ್ತುವಾಗಲೂ ಕೆಳಗೊಬ್ಬರು ಹಗ್ಗ ಹಿಡಿದಿರುತ್ತಾರೆ. ವ್ಯತ್ಯಾಸ ಒಂದೇ. ಅಲ್ಲಿ ಹಗ್ಗ ಹತ್ತಿದವರನ್ನು ಉಳಿಸಲಿಕ್ಕೆ, ನಮ್ಮಲ್ಲಿ ಅದು ಅಡಿಕೆ ಉದುರದಂತೆ ಉಳಿಸಲಿಕ್ಕೆ!

ಈಚೆಗೆ ನೆಲದಲ್ಲೇ ನಿಂತು ಕೊಯ್ಯುವ ಫೈಬರ್ ದೋಟಿ ಬಂದಿದೆ. ಮರ ಹತ್ತುವವರು ಕಡಿಮೆಯಾದರು ಅಂತ ನಾವೆಲ್ಲ ಕೊರಗುತ್ತೇವೆ. ಆದರೆ ಯಾವ ಕೊನೆಗೌಡನೂ ತನ್ನ ಮಗ ಮರ ಹತ್ತಲಿ ಅಂತ ಬಯಸಿದ್ದನ್ನು ನಾನಂತೂ ಕೇಳಿಲ್ಲ. ನೀವು ಕೇಳಿದ್ದೀರಾ?