ನಂಜನಗೂಡಿನ ಇಬ್ಬರು

ನಂಜುಂಡೇಶ್ವರನಿಗೂ ರಸಬಾಳೆಗೂ ಹೆಸರಾದ ಈ ಊರು ಕನ್ನಡಕ್ಕೊಬ್ಬ ಕಾದಂಬರಿಗಾರ್ತಿಯನ್ನು, ವಿಜ್ಞಾನಕ್ಕೊಬ್ಬ ಎಂಜಿನಿಯರನ್ನು ಕೊಟ್ಟಿದೆ. ಇಬ್ಬರೂ ವಕೀಲರ ಮಕ್ಕಳು.

ತಿರುಮಲಾಂಬ (1887–1982) ಎಳೆಯ ವಯಸ್ಸಿನಲ್ಲೇ ವಿಧವೆಯಾದವರು. ತಂದೆಯ ಒತ್ತಾಸೆಯಿಂದ ಮನೆಯಲ್ಲೇ ಓದಿ ಬೆಳೆದರು. 'ಸುಶೀಲೆ' ಅವರ ಮೊದಲ ಕಾದಂಬರಿ. 'ಸತೀ ಹಿತೈಷಿಣಿ' ಗ್ರಂಥಮಾಲೆಯನ್ನು ಕಟ್ಟಿ ತಾವೇ ಪ್ರಕಾಶಕಿಯಾದರು. 'ಕರ್ನಾಟಕ ನಂದಿನಿ' ಪತ್ರಿಕೆ ನಡೆಸಿದರು. ಅವರ ಕಥಾನಾಯಕಿಯರು ಇಂದಿನ ಓದುಗರಿಗೆ ತೀರ ವಿಧೇಯರೆನಿಸಬಹುದು. ಆದರೆ ವಿಧವೆ ಮನೆಯ ಮೂಲೆಯಲ್ಲಿರಬೇಕಿದ್ದ ಕಾಲದಲ್ಲಿ ಬರೆಯುವ, ತಿದ್ದುವ, ಪ್ರಕಟಿಸುವ ಹೊಣೆಯನ್ನೆಲ್ಲ ಹೊತ್ತವರು ಇವರು. ಹೊಸಗನ್ನಡದ ಮೊದಲ ಕಾದಂಬರಿಗಾರ್ತಿ, ಮೊದಲ ಪತ್ರಕರ್ತೆ ಎಂಬ ಮನ್ನಣೆ ಇವರದೇ.

ರಾಜೇಶ್ವರಿ ಚಟರ್ಜಿ (1922–2010) ಗಣಿತ ಓದಿದವರು. ಸಿ.ವಿ. ರಾಮನ್ ಅವರ ಬಳಿ ಸಂಶೋಧನೆ ಮಾಡಬೇಕೆಂದಿದ್ದರು. ಭೌತಶಾಸ್ತ್ರದ ಪದವಿ ಇಲ್ಲವೆಂಬ ಕಾರಣಕ್ಕೆ ಅದು ಕೈಗೂಡಲಿಲ್ಲ. 1943ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ತಂತ್ರಜ್ಞಾನ ವಿಭಾಗ ಸೇರಿದರು. ವಿದ್ಯಾರ್ಥಿವೇತನದ ಮೇಲೆ ಅಮೆರಿಕದ ಮಿಷಿಗನ್‌ಗೆ ಹೋಗಿ, ಪಿಎಚ್.ಡಿ. ಪಡೆದು, 1953ರಲ್ಲಿ ಅದೇ ಸಂಸ್ಥೆಗೆ ಅಧ್ಯಾಪಕಿಯಾಗಿ ಮರಳಿದರು. ಪತಿ ಶಿಶಿರ್ ಕುಮಾರ್ ಚಟರ್ಜಿ ಅವರೊಂದಿಗೆ ಮೈಕ್ರೋವೇವ್ ಸಂಶೋಧನೆಯ ಪ್ರಯೋಗಾಲಯ ಕಟ್ಟಿದರು. 20 ಮಂದಿ ಇವರ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಪಡೆದರು.