ಹತ್ತಂಕಿಯ ಒಂದು ಸಂಖ್ಯೆ, 92 ವರ್ಷ ಉಳಿದ ಒಂದು ತಪ್ಪು

ಎಂಟನೇ ತರಗತಿಯಲ್ಲಿ ನಾವು ಮೂರ್ನಾಲ್ಕು ಉದಾಹರಣೆ ಸರಿ ಬಂದರೆ ಸಾಕು, "ಆದ್ದರಿಂದ ಸಾಧಿಸಿದೆ" ಎಂದು ಬರೆದುಬಿಡುತ್ತಿದ್ದೆವು. ಗಣಿತದ ಮೇಷ್ಟ್ರು ಅದರ ಮೇಲೆ ಕೆಂಪು ಗೆರೆ ಎಳೆಯುತ್ತಿದ್ದರು. ಇದೇ ಬಗೆಯ ತಪ್ಪನ್ನು ಫ್ರಾನ್ಸಿನ ಪಿಯೆರ್ ಡಿ ಫರ್ಮಾನಂಥ ಮಹಾಗಣಿತಜ್ಞನೂ ಮಾಡಿದ್ದನೆಂದು ಬಿ.ಇ. ಓದುವಾಗ ತಿಳಿದು ಸ್ವಲ್ಪ ಸಮಾಧಾನವಾಯಿತು.

ಫರ್ಮಾ ತುಲೂಸ್ ನಗರದ ನ್ಯಾಯಾಲಯದಲ್ಲಿದ್ದವನು. ಗಣಿತ ಅವನಿಗೆ ಬಿಡುವಿನ ಕೆಲಸ. 2ನ್ನು ವರ್ಗ ಮಾಡುತ್ತಾ ಹೋದರೆ 4, 16, 256, 65536 ಬರುತ್ತವೆ. 2ರಿಂದ ಹಿಡಿದು ಪ್ರತಿಯೊಂದಕ್ಕೂ 1 ಕೂಡಿಸಿದರೆ 3, 5, 17, 257, 65537. ಐದೂ ಅವಿಭಾಜ್ಯ ಸಂಖ್ಯೆಗಳು. ಮುಂದಿನವೆಲ್ಲ ಹೀಗೆಯೇ ಇರುತ್ತವೆಂದು ಫರ್ಮಾ 1640ರಲ್ಲಿ ಪತ್ರ ಬರೆದ. ಸಾಧನೆ ಮಾತ್ರ ತನ್ನ ಬಳಿ ಇಲ್ಲವೆಂದು ಒಪ್ಪಿಕೊಂಡ. ಆ ಮಟ್ಟಿಗೆ ನಮಗಿಂತ ಪ್ರಾಮಾಣಿಕ!

ಆರನೆಯದು 4294967297. ಅಂದರೆ 429 ಕೋಟಿ 49 ಲಕ್ಷ 67 ಸಾವಿರದ 297. ಮೊದಲ ಐದನ್ನೂ ಗುಣಿಸಿ 2 ಕೂಡಿಸಿದರೂ ಇದೇ ಬರುತ್ತದೆ. ಬೇಕಾದರೆ ಮಾಡಿ ನೋಡಿ. ಆ ಗುಣಲಬ್ಧ 4294967295 ನನ್ನ ಕಸುಬಿನಲ್ಲಿ ಆಗಾಗ ಎದುರಾಗುತ್ತದೆ. ಕಂಪ್ಯೂಟರಿನ 32 ಬಿಟ್‌ಗಳಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ ಅದು.

1729ರ ಡಿಸೆಂಬರಿನಲ್ಲಿ ಗೋಲ್ಡ್‌ಬಾಕ್ ಎಂಬ ಗಣಿತಜ್ಞ, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದ ಲಿಯೊನಾರ್ಡ್ ಆಯ್ಲರನಿಗೆ ಪತ್ರ ಬರೆದು, ಫರ್ಮಾನ ಈ ಮಾತು ಗೊತ್ತೇ ಎಂದು ಕೇಳಿದ. ಆಯ್ಲರನಿಗೆ ಆಗ 22 ವರ್ಷ. 1732ರಲ್ಲಿ ಆತ ಉತ್ತರ ಮುಂದಿಟ್ಟ: ಆರನೆಯ ಸಂಖ್ಯೆ 641ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ, ಭಾಗಲಬ್ಧ 6700417.

641 ಎಂಬುದು ಅವಿಭಾಜ್ಯಗಳ ಸಾಲಿನಲ್ಲಿ 116ನೆಯದು. ಅಷ್ಟೂ ಭಾಗಾಕಾರ ಮಾಡಬೇಕಿಲ್ಲ. ಈ ಸಂಖ್ಯೆಯ ಯಾವುದೇ ಅವಿಭಾಜ್ಯ ಅಪವರ್ತನವನ್ನು 64ರಿಂದ ಭಾಗಿಸಿದರೆ 1 ಶೇಷ ಉಳಿಯಲೇಬೇಕು ಎಂದು ಆಯ್ಲರ್ ಮುಂದೆ ಇನ್ನೊಂದು ಲೇಖನದಲ್ಲಿ ವಿವರಿಸಿದ. ಆಗ ನೋಡಬೇಕಾದವು 193, 257, 449, 577, 641. ಐದನೆಯದಕ್ಕೇ ಸಿಕ್ಕಿತು. ಒಂದು ಪೀರಿಯಡ್‌ನಲ್ಲಿ ಮುಗಿಯುವ ಲೆಕ್ಕ.

ನನಗೆ ಬೇಸರ ತರಿಸುವುದು ಇದು: 64ರ ಈ ಸುಳಿವನ್ನು ಫರ್ಮಾನದೇ ಒಂದು ಪ್ರಮೇಯದಿಂದ ಪಡೆಯಬಹುದು. ಅದನ್ನೂ ಆತ ಅದೇ 1640ರಲ್ಲೇ ಪತ್ರದಲ್ಲಿ ತಿಳಿಸಿದ್ದ. ಬೀಗವೂ ಕೀಲಿಯೂ ಒಂದೇ ಮೇಜಿನ ಮೇಲಿದ್ದವು. ನಾನೂ ಐದು ಪರೀಕ್ಷೆ ಪಾಸಾಯಿತೆಂದು ಪ್ರೋಗ್ರಾಂ ಒಪ್ಪಿಸಿ, ಆರನೆಯದರಲ್ಲಿ ಕೆಟ್ಟು, ರಾತ್ರಿಯಿಡೀ ಕೂತು ಸರಿಪಡಿಸಿದ್ದೇನೆ.

65537ರ ನಂತರ ಈ ಸಾಲಿನಲ್ಲಿ ಇಂದಿನವರೆಗೆ ಒಂದೂ ಅವಿಭಾಜ್ಯ ಸಿಕ್ಕಿಲ್ಲ. 3ನ್ನು ಬಿಟ್ಟು 5ರಿಂದ ಎಣಿಸಿದರೆ 33ನೆಯದಾಗಿ ಬರುವ ಸಂಖ್ಯೆಗೆ 258 ಕೋಟಿಗೂ ಹೆಚ್ಚು ಅಂಕಿಗಳಿವೆ. ಅದು ಅವಿಭಾಜ್ಯವೋ ಅಲ್ಲವೋ ಇನ್ನೂ ಯಾರಿಗೂ ಗೊತ್ತಿಲ್ಲ.