ಮರುಭೂಮಿ ಹಲ್ಲಿ ಸಾಕುವ ಆಸೆಯೇ? ಕೊಳ್ಳುವ ಮುನ್ನ ಕಾಗದ, ಕರೆಂಟು, ಡಾಕ್ಟರು ಮೂರೂ ನೋಡಿಕೊಳ್ಳಿ

ಹುಲಿಕೆರೆ: ನಾಯಿ, ಬೆಕ್ಕು, ಲವ್ ಬರ್ಡ್ಸ್, ಅಕ್ವೇರಿಯಂ ಮೀನು ಆಯ್ತು. ಈಗ ಮೊಬೈಲ್ ರೀಲ್ಸ್‌ನಲ್ಲಿ ಹೆಗಲ ಮೇಲೆ ಕೂತ ಮುಳ್ಳುಗಡ್ಡದ ಹಲ್ಲಿಯ ಸರದಿ. ಬೆಂಗಳೂರಿನ ಪೆಟ್ ಅಂಗಡಿಗಳಲ್ಲಿ, ಇನ್‌ಸ್ಟಾಗ್ರಾಂ ಪೇಜ್‌ಗಳಲ್ಲಿ ಕಾಣುವ ಈ ಪ್ರಾಣಿಯನ್ನು ನೋಡಿ ಮಕ್ಕಳು ಹಟ ಹಿಡಿಯುವುದು ಸಹಜ. 'ಮಾರಿದರೆ ಹೇಗೆ' ಎಂದು ಅಂಗಡಿಯವರಿಗೆ ಅನಿಸುವುದೂ ಸಹಜ. ಆದರೆ ಇದು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಳು ಹಾಕಿ ಸಾಕುವ ಪ್ರಾಣಿಯಲ್ಲ. ದಾಖಲೆ ಇಲ್ಲದೆ ತಂದರೆ ಕೇಸು ಬೀಳಬಹುದು, ಸರಿಯಾದ ದೀಪವಿಲ್ಲದೆ ಇಟ್ಟರೆ ಕೆಲವೇ ತಿಂಗಳಲ್ಲಿ ಮೂಳೆ ಸವೆದು ನರಳಿ ಸಾಯುತ್ತದೆ. ಅರಸೀಕೆರೆ, ಬೇಲೂರು, ಹಳೇಬೀಡು ಭಾಗದ ಮನೆ ಮತ್ತು ಅಂಗಡಿಗಳವರು ದುಡ್ಡು ಕೊಡುವ ಮೊದಲು ತಿಳಿದಿರಬೇಕಾದ ಸಂಗತಿಗಳು ಇಲ್ಲಿವೆ.

ಯಾವುದು ಈ ಹಲ್ಲಿ?

ಸಾಕುಪ್ರಾಣಿಯಾಗಿ ಹೆಚ್ಚು ಚಾಲ್ತಿಯಲ್ಲಿರುವ ಮರುಭೂಮಿ ಹಲ್ಲಿಗಳು ಎರಡು.

ಮೊದಲನೆಯದು ಬಿಯರ್ಡೆಡ್ ಡ್ರ್ಯಾಗನ್. ವೈಜ್ಞಾನಿಕ ಹೆಸರು ಪೊಗೊನಾ ವಿಟಿಸೆಪ್ಸ್. ಮಧ್ಯ ಆಸ್ಟ್ರೇಲಿಯಾದ ಒಣಭೂಮಿಯ ಪ್ರಾಣಿ. ನಮ್ಮ ಬೇಲಿಯ ಓತಿಕ್ಯಾತನ ದೂರದ ನೆಂಟ ಎನ್ನಬಹುದು, ಎರಡೂ ಒಂದೇ ಕುಟುಂಬಕ್ಕೆ ಸೇರಿದವು. ಬೆಳೆದಾಗ ಬಾಲ ಸೇರಿ 45ರಿಂದ 60 ಸೆಂಟಿಮೀಟರ್ ಉದ್ದ. ಹಗಲಲ್ಲಿ ಓಡಾಡುತ್ತದೆ, ಮನುಷ್ಯರಿಗೆ ಬೇಗ ಒಗ್ಗುತ್ತದೆ. ಚೆನ್ನಾಗಿ ಸಾಕಿದರೆ 10ರಿಂದ 15 ವರ್ಷ ಬದುಕುತ್ತದೆ.

ಎರಡನೆಯದು ಲೆಪರ್ಡ್ ಗೆಕ್ಕೊ. ಚಿರತೆಯಂಥ ಚುಕ್ಕೆ, ದಪ್ಪ ಬಾಲ. ಅಫ್ಘಾನಿಸ್ತಾನ, ಪಾಕಿಸ್ತಾನ ಹಾಗೂ ವಾಯವ್ಯ ಭಾರತದ ಒಣ ಕಲ್ಲುಗಾಡಿನ ಹಲ್ಲಿ. 20ರಿಂದ 25 ಸೆಂಟಿಮೀಟರ್ ಅಷ್ಟೇ. ಸಂಜೆ ಮತ್ತು ರಾತ್ರಿ ಚುರುಕು. ಇದರ ಆಯಸ್ಸು 15 ವರ್ಷ ದಾಟಬಹುದು. ಈ ಕುಲದ ಹಲ್ಲಿಗಳು ಭಾರತದ ಕಾಡುಗಳಲ್ಲೂ ಇರುವುದರಿಂದ ಕಾನೂನಿನ ದೃಷ್ಟಿಯಲ್ಲಿ ಇದು ಹೆಚ್ಚು ಸೂಕ್ಷ್ಮ. ಅರಣ್ಯ ಇಲಾಖೆಯನ್ನು ಕೇಳದೆ ಮುಂಗಡ ಕೊಡುವುದು ಬೇಡ.

ಮೂರನೆಯ ಹೆಸರೊಂದು ಆಗಾಗ ಕೇಳಿಬರುತ್ತದೆ: ಸಾಂಡ. ರಾಜಸ್ಥಾನ, ಗುಜರಾತಿನ ಮರಳುಗಾಡಿನ ಮುಳ್ಳುಬಾಲದ ಹಲ್ಲಿ. ಇದು ಸಾಕುವ ಪ್ರಾಣಿಯೇ ಅಲ್ಲ, ಕಾನೂನಿನ ರಕ್ಷಣೆ ಇರುವ ವನ್ಯಜೀವಿ. ಸಂತೆಗಳಲ್ಲಿ ಕೀಲುನೋವಿಗೆಂದು, ಗಂಡಸುತನಕ್ಕೆಂದು ಮಾರುವ 'ಸಾಂಡೆ ಎಣ್ಣೆ' ಈ ಬಡಪಾಯಿ ಪ್ರಾಣಿಯ ಕೊಬ್ಬಿನ ಹೆಸರಿನಲ್ಲೇ ನಡೆಯುವ ದಂಧೆ.

ಸಾಕಿ ಬೆಳೆಸಿದ್ದು, ಹಿಡಿದು ತಂದದ್ದು: ಯಾಕೆ ಈ ವ್ಯತ್ಯಾಸ?

ಆಸ್ಟ್ರೇಲಿಯಾ ತನ್ನ ಕಾಡಿನ ಸರೀಸೃಪಗಳನ್ನು ವ್ಯಾಪಾರಕ್ಕೆಂದು ಹೊರಗೆ ಕಳಿಸುವುದನ್ನು ನಿಲ್ಲಿಸಿ ದಶಕಗಳೇ ಕಳೆದಿವೆ. ಹಾಗಾಗಿ ಇವತ್ತು ಜಗತ್ತಿನ ಮಾರುಕಟ್ಟೆಯಲ್ಲಿರುವ ಬಿಯರ್ಡೆಡ್ ಡ್ರ್ಯಾಗನ್‌ಗಳು ಬಹುಪಾಲು ಸಾಕಣೆಯಲ್ಲೇ ಹುಟ್ಟಿ ಬೆಳೆದವುಗಳ ಸಂತತಿ. ಯಾರಾದರೂ 'ಇದು ಒರಿಜಿನಲ್ ಆಸ್ಟ್ರೇಲಿಯಾ ಮಾಲು' ಅಂತ ಹೇಳಿ ಮಾರಿದರೆ ಒಂದೋ ಸುಳ್ಳು, ಇಲ್ಲವೇ ಕಳ್ಳಮಾಲು.

ಸಾಕಣೆಯಲ್ಲಿ ಹುಟ್ಟಿದ ಮರಿ ಮನುಷ್ಯರ ಕೈಗೆ, ಪೆಟ್ಟಿಗೆಯ ಬದುಕಿಗೆ, ಕೊಟ್ಟ ಆಹಾರಕ್ಕೆ ಒಗ್ಗಿರುತ್ತದೆ. ಕಾಡಿನಿಂದ ಹಿಡಿದ ಪ್ರಾಣಿ ಹೆದರಿ ಊಟ ಬಿಡುತ್ತದೆ, ಮೈತುಂಬ ಉಣ್ಣೆ, ಹೊಟ್ಟೆಯಲ್ಲಿ ಹುಳ ಇರುತ್ತವೆ. ಸಾಗಿಸುವಾಗಲೇ ಎಷ್ಟೋ ಸಾಯುತ್ತವೆ.

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದ ಪ್ರಕರಣಗಳೇ ಇದಕ್ಕೆ ಸಾಕ್ಷಿ. 2023ರ ಆಗಸ್ಟ್‌ನಲ್ಲಿ ಬ್ಯಾಂಕಾಕ್‌ನಿಂದ ಬಂದ ಪ್ರಯಾಣಿಕರೊಬ್ಬರ ಟ್ರಾಲಿ ಬ್ಯಾಗ್‌ನಲ್ಲಿ ಹೆಬ್ಬಾವು, ಊಸರವಳ್ಳಿ, ಇಗುವಾನಾ, ಆಮೆ, ಮೊಸಳೆ ಜಾತಿಯ ಮರಿಗಳು ಸೇರಿ 234 ಪ್ರಾಣಿಗಳು ಸಿಕ್ಕವು. ಅದರಲ್ಲಿದ್ದ ಕಾಂಗರೂ ಮರಿ ಸತ್ತೇಹೋಗಿತ್ತು. ಮರುತಿಂಗಳೇ ಇನ್ನೊಂದು ಬ್ಯಾಗ್‌ನಲ್ಲಿ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ ಪತ್ತೆಯಾದವು, ಜೊತೆಗಿದ್ದ 6 ಕಪುಚಿನ್ ಕೋತಿಗಳು ಸತ್ತಿದ್ದವು. 2024ರ ಏಪ್ರಿಲ್‌ನಲ್ಲಿ 10 ಹಳದಿ ಅನಕೊಂಡಾ ಸಿಕ್ಕವು. ಕಾಗದವಿಲ್ಲದ ಅಗ್ಗದ ಮಾಲಿನ ಹಿಂದೆ ಇಂಥ ಬ್ಯಾಗ್ ಇರಬಹುದು ಅನ್ನೋದು ನೆನಪಿರಲಿ.

ಕಾನೂನು ಏನು ಹೇಳುತ್ತದೆ?

ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ಕ್ಕೆ 2022ರಲ್ಲಿ ತಿದ್ದುಪಡಿ ಬಂತು. 2023ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ವಿದೇಶಿ ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಜೀವಿಗಳು ಈಗ ಕಾಯ್ದೆಯ 4ನೇ ಪರಿಚ್ಛೇದದಲ್ಲಿವೆ. ಇಗುವಾನಾ, ಬಾಲ್ ಪೈಥಾನ್ ಇಂಥವು.

ಈ ಪಟ್ಟಿಯ ಜೀವಂತ ಪ್ರಾಣಿ ಮನೆಯಲ್ಲಿದ್ದರೆ ನೋಂದಣಿ ಕಡ್ಡಾಯ. ಇದರ ನಿಯಮಗಳು 2024ರ ಫೆಬ್ರವರಿ ಕೊನೆಯಲ್ಲಿ ಪ್ರಕಟವಾದವು. ಮೊದಲೇ ಸಾಕಿದ್ದವರಿಗೆ 6 ತಿಂಗಳ ಕಾಲಾವಕಾಶ ಇತ್ತು, ಅದು ಮುಗಿದಿದೆ. ಹೊಸದಾಗಿ ತಂದವರು 30 ದಿನದೊಳಗೆ ಕೇಂದ್ರ ಸರ್ಕಾರದ ಪರಿವೇಶ್ 2.0 ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಮರಿ ಹಾಕಿದರೂ, ಸತ್ತರೂ, ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು.

ಎಲ್ಲಾ ಹಲ್ಲಿಯೂ ಈ ಪಟ್ಟಿಯಲ್ಲಿಲ್ಲ, ಪಟ್ಟಿ ಕಾಲಕಾಲಕ್ಕೆ ಬದಲಾಗುತ್ತದೆ. ಆದ್ದರಿಂದ ಅಂಗಡಿಯವರು ಇಟ್ಟ ಮುದ್ದು ಹೆಸರು ಬಿಟ್ಟು, ವೈಜ್ಞಾನಿಕ ಹೆಸರನ್ನು ಬರೆಸಿಕೊಂಡು, ಅರಸೀಕೆರೆ ಅಥವಾ ಬೇಲೂರಿನ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಇಲ್ಲವೇ ಹಾಸನದ ಉಪ ಅರಣ್ಯ ಸಂರಕ್ಷಣಾಧಿಕಾರಿ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು. ಅರಣ್ಯ ಇಲಾಖೆಯ ಸಹಾಯವಾಣಿ 1926.

ಇನ್ನೂ ಮುಖ್ಯವಾದ ಮಾತು: ಹೊಲದ ಬದುವಿನ ಉಡ, ತೋಟದ ಊಸರವಳ್ಳಿ, ಕುರುಚಲು ಕಾಡಿನ ನಕ್ಷತ್ರ ಆಮೆ ಇವನ್ನು ಹಿಡಿದು ಸಾಕುವಂತಿಲ್ಲ, ಮಾರುವಂತಿಲ್ಲ. ಉಡ ಮತ್ತು ನಕ್ಷತ್ರ ಆಮೆ 1ನೇ ಪರಿಚ್ಛೇದದ ಪ್ರಾಣಿಗಳು. ಅಪರಾಧ ಸಾಬೀತಾದರೆ 3ರಿಂದ 7 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. 'ಗೊತ್ತಿರಲಿಲ್ಲ ಸಾರ್' ಅಂದರೆ ನಡೆಯಲ್ಲ.

ಕರೆಂಟ್ ಲೆಕ್ಕ

ಮರುಭೂಮಿ ಹಲ್ಲಿ ಬದುಕುವುದೇ ಶಾಖದಲ್ಲಿ. ಬಿಯರ್ಡೆಡ್ ಡ್ರ್ಯಾಗನ್‌ಗೆ ಪೆಟ್ಟಿಗೆಯ ಒಂದು ತುದಿಯಲ್ಲಿ ಮೈ ಕಾಯಿಸಿಕೊಳ್ಳಲು 38ರಿಂದ 42 ಡಿಗ್ರಿ ಇರಬೇಕು, ಇನ್ನೊಂದು ತುದಿ 24ರಿಂದ 27 ಡಿಗ್ರಿ ತಂಪಾಗಿರಬೇಕು. ಬಿಸಿ ಆದಾಗ ಅದೇ ಸರಿದು ತಂಪಿಗೆ ಬರುತ್ತದೆ. ಹಾಗಾಗಿ ಪೆಟ್ಟಿಗೆ ಚಿಕ್ಕದಾದರೆ ಆಗಲ್ಲ. ಬೆಳೆದ ಪ್ರಾಣಿಗೆ 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ ಬೇಕು. ಲೆಪರ್ಡ್ ಗೆಕ್ಕೊಗೆ 3 ಅಡಿ ಉದ್ದದ ಪೆಟ್ಟಿಗೆ, ನೆಲದ ಶಾಖ 32 ಡಿಗ್ರಿ ಆಸುಪಾಸು ಸಾಕು.

ಶಾಖದ ಬಲ್ಬಿನ ಜೊತೆಗೆ ಯುವಿಬಿ ಟ್ಯೂಬ್ ಬೇಕು. ಬಿಸಿಲಿನ ಈ ಅಂಶವಿಲ್ಲದೆ ಹಲ್ಲಿಯ ಮೈಯಲ್ಲಿ ವಿಟಮಿನ್ ಡಿ ತಯಾರಾಗುವುದಿಲ್ಲ, ತಿಂದ ಕ್ಯಾಲ್ಸಿಯಂ ಮೂಳೆಗೆ ಹತ್ತುವುದಿಲ್ಲ. ದವಡೆ ಮೆತ್ತಗಾಗಿ, ಕಾಲು ಸೊಟ್ಟಗಾಗಿ, ಮೈ ನಡುಗಿ ಸಾಯುತ್ತದೆ. ಟ್ಯೂಬ್ ಉರಿಯುತ್ತಿದ್ದರೂ 6ರಿಂದ 12 ತಿಂಗಳಿಗೆ ಅದರ ಶಕ್ತಿ ಇಳಿಯುವುದರಿಂದ ಬದಲಾಯಿಸಬೇಕು. ಕಿಟಕಿ ಪಕ್ಕ ಇಟ್ಟರೆ ಸಾಕಲ್ಲವೇ ಎಂದರೆ ಸಾಲದು, ಗಾಜು ಯುವಿಬಿಯನ್ನು ತಡೆಯುತ್ತದೆ. ಗಾಜಿನ ಪೆಟ್ಟಿಗೆಯನ್ನು ನೇರ ಬಿಸಿಲಿಗೆ ಇಟ್ಟರಂತೂ ಒಳಗೇ ಬೆಂದುಹೋಗುತ್ತದೆ. ಬೆಳಗಿನ ಎಳೆಬಿಸಿಲಿಗೆ ತಂತಿ ಗೂಡಿನಲ್ಲಿ ಸ್ವಲ್ಪ ಹೊತ್ತು ಇಡಬಹುದು. ಪಕ್ಕದಲ್ಲಿ ಯಾರಾದರೂ ಇರಬೇಕು, ಕಾಗೆ, ಹದ್ದು, ಬೆಕ್ಕು ಬಿಡುವುದಿಲ್ಲ.

75 ವ್ಯಾಟ್ ಬಲ್ಬ್, 24 ವ್ಯಾಟ್ ಟ್ಯೂಬ್ ದಿನಕ್ಕೆ 12 ಗಂಟೆ ಉರಿದರೆ ತಿಂಗಳಿಗೆ ಸುಮಾರು 36 ಯೂನಿಟ್. ಗೃಹಜ್ಯೋತಿ ಯೋಜನೆಯಲ್ಲಿ ಪ್ರತಿ ಮನೆಗೂ ಹಿಂದಿನ ಸರಾಸರಿ ಬಳಕೆ ನೋಡಿ ಮಿತಿ ಹಾಕಿರುತ್ತಾರೆ. ಅದನ್ನು ಮೀರಿದ ಯೂನಿಟ್‌ಗೆ ದುಡ್ಡು ಕಟ್ಟಬೇಕು. ಒಟ್ಟು ಬಳಕೆ 200 ದಾಟಿದರೆ ಪೂರ್ತಿ ಬಿಲ್ ಬರುತ್ತದೆ. ಈಗಿನ ಬಿಲ್ ತೆಗೆದು ಒಮ್ಮೆ ಲೆಕ್ಕ ಹಾಕಿ ನೋಡಿ.

ಚಳಿಗಾಲ, ಮಳೆಗಾಲದ ಪಾಡು

ನಮ್ಮ ಭಾಗ ಸಮುದ್ರಮಟ್ಟದಿಂದ 800ರಿಂದ 1000 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್, ಜನವರಿ ರಾತ್ರಿಗಳು ಈ ಪ್ರಾಣಿಗೆ ತಣ್ಣಗಾಗುತ್ತವೆ. 18 ಡಿಗ್ರಿಗಿಂತ ಕೆಳಗಿಳಿದರೆ ಬೆಳಕು ಕೊಡದ ಸೆರಾಮಿಕ್ ಹೀಟರ್ ಬೇಕು. ಇದು ಬಿಲ್ಲಿಗೆ ಮತ್ತೆ ಸೇರುತ್ತದೆ.

ಮಳೆಗಾಲದ ಸಮಸ್ಯೆಯೇ ಬೇರೆ. ಡ್ರ್ಯಾಗನ್‌ಗೆ ಗಾಳಿಯ ತೇವ ಶೇ 30ರಿಂದ 40 ಇದ್ದರೆ ಹಿತ. ಅರಸೀಕೆರೆಯ ಬಯಲುಸೀಮೆ ಹವೆ ಒಂದಿಷ್ಟು ಅನುಕೂಲ. ಮಲೆನಾಡಿನ ಅಂಚಿನ ಬೇಲೂರು ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವಾಗ ಮರುಭೂಮಿ ಪ್ರಾಣಿಯ ಶ್ವಾಸಕೋಶಕ್ಕೆ ಸೋಂಕು ಹತ್ತುವ ಅಪಾಯ ಹೆಚ್ಚು. ಪೆಟ್ಟಿಗೆಗೆ ಗಾಳಿಯಾಡುವ ಜಾಲರಿ ಬೇಕು, ತೇವ ಅಳೆಯುವ ಚಿಕ್ಕ ಮೀಟರ್ ಇಡಬೇಕು. ಗಾಳಿಮಳೆಗೆ ಮರ ಬಿದ್ದು ಇಡೀ ರಾತ್ರಿ ಕರೆಂಟ್ ಹೋಗುವ ಊರುಗಳಲ್ಲಿ ಯುಪಿಎಸ್ ಇದ್ದವರು ಮಾತ್ರ ಯೋಚಿಸುವುದು ಲೇಸು.

ಊಟ

ಡ್ರ್ಯಾಗನ್ ಮರಿಗೆ ಬಹುಪಾಲು ಹುಳ, ಬೆಳೆದದ್ದಕ್ಕೆ ಬಹುಪಾಲು ಸೊಪ್ಪು. ಲೆಪರ್ಡ್ ಗೆಕ್ಕೊ ಸೊಪ್ಪು ಮುಟ್ಟುವುದಿಲ್ಲ, ಜೀವಂತ ಹುಳವೇ ಬೇಕು. ಸಸ್ಯಾಹಾರಿ ಮನೆಗಳಲ್ಲಿ ಈ ಮಾತು ಮೊದಲೇ ಇತ್ಯರ್ಥ ಆಗಲಿ. ಹಲ್ಲಿ ಮೈಮೇಲೆ ಬಿದ್ದರೆ ಪಂಚಾಂಗ ತೆಗೆಯುವ ಅಜ್ಜಿ ಇದ್ದರೆ ಅವರ ಒಪ್ಪಿಗೆಯೂ ಬೇಕು.

ಸಾಕಿದ ಚಿಮ್ಮಟೆ, ರೇಷ್ಮೆ ಹುಳು ಒಳ್ಳೆಯ ಆಹಾರ. ಹಿಪ್ಪುನೇರಳೆ ಸೊಪ್ಪು, ದಾಸವಾಳದ ಎಲೆ ಮತ್ತು ಹೂವು, ನುಗ್ಗೆ ಸೊಪ್ಪು, ಸಿಹಿಗುಂಬಳ ನಮ್ಮಲ್ಲೇ ಸಿಗುತ್ತವೆ. ಪಾಲಕ್ ದಿನವೂ ಬೇಡ, ಬೆಣ್ಣೆಹಣ್ಣು ಬೇಡವೇ ಬೇಡ. ಮಿಂಚುಹುಳ ಒಂದು ತಿಂದರೂ ಸಾಯಬಹುದು. ಔಷಧಿ ಹೊಡೆದ ಹೊಲದ ಮಿಡತೆ ಹಿಡಿದು ಹಾಕುವುದೂ ವಿಷ ಹಾಕಿದಂತೆಯೇ. ಹುಳದ ಮೇಲೆ ಕ್ಯಾಲ್ಸಿಯಂ ಪುಡಿ ಉದುರಿಸಿ ಕೊಡಬೇಕು.

ಕೊಳ್ಳುವಾಗ ನೋಡಬೇಕಾದ್ದು

- ಕಣ್ಣು ಅಗಲವಾಗಿ ತೆರೆದು ಹೊಳೆಯುತ್ತಿರಲಿ. ಗುಳಿಬಿದ್ದ ಕಣ್ಣು ಬೇಡ.
- ನಡೆಯುವಾಗ ಹೊಟ್ಟೆ ನೆಲದಿಂದ ಮೇಲಿರಲಿ. ಕಾಲು ಎಳೆಯುವ, ನಡುಗುವ ಮರಿ ಬೇಡ.
- ಸೊಂಟದ ಮೂಳೆ ಎದ್ದು ಕಾಣಬಾರದು. ಗೆಕ್ಕೊ ಆದರೆ ಬಾಲ ದಪ್ಪಗಿರಬೇಕು, ಕೊಬ್ಬು ಕೂಡಿಡುವುದೇ ಅಲ್ಲಿ.
- ಹಿಂಭಾಗದಲ್ಲಿ ಮಲ ಮೆತ್ತಿರಬಾರದು. ಚರ್ಮದ ಮಡಿಕೆಯಲ್ಲಿ ಉಣ್ಣೆ ಇರಬಾರದು.
- ನಿಮ್ಮ ಎದುರೇ ಊಟ ಹಾಕಿಸಿ. ತಿನ್ನದ ಮರಿಯನ್ನು ತರಬೇಡಿ.
- 2 ತಿಂಗಳು ತುಂಬದ ಡ್ರ್ಯಾಗನ್ ಮರಿ ಕೊಳ್ಳಬೇಡಿ.
- ಎರಡು ಗಂಡು ಒಂದೇ ಪೆಟ್ಟಿಗೆಯಲ್ಲಿ ಬೇಡ, ಕಚ್ಚಾಡುತ್ತವೆ. ಒಂದೇ ಸಾಕುವುದು ಉತ್ತಮ.
- ಬಿಲ್, ವೈಜ್ಞಾನಿಕ ಹೆಸರು, ತಂದೆತಾಯಿ ಪ್ರಾಣಿಯ ದಾಖಲೆ, ಅಗತ್ಯವಿದ್ದಲ್ಲಿ ನೋಂದಣಿ ಪತ್ರ ಇವೆಲ್ಲ ಕೈಗೆ ಬಂದ ಮೇಲೆ ದುಡ್ಡು.

ಮನೆಗೆ ತಂದ ಮೇಲೆ ಮರಿಗೆ ಮರಳು ಹಾಸಬಾರದು. ತಿಂದು ಕರುಳು ಕಟ್ಟಿಕೊಳ್ಳುತ್ತದೆ. ಹಳೆ ಪೇಪರ್ ಅಥವಾ ಒರಟು ಟೈಲ್ಸ್ ಸಾಕು.

ಮಕ್ಕಳಿರುವ ಮನೆ

ಈ ಹಲ್ಲಿಗಳಿಂದ ಮನುಷ್ಯರಿಗೆ ವಿಷದ ಅಪಾಯವಿಲ್ಲ. ಆದರೆ ಆರೋಗ್ಯವಾಗಿ ಕಾಣುವ ಹಲ್ಲಿಯ ಮಲದಲ್ಲೂ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ವಾಂತಿಭೇದಿ, ಜ್ವರ ತರುತ್ತದೆ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು. ಅದರ ತಟ್ಟೆಯನ್ನು ಅಡುಗೆಮನೆ ಸಿಂಕ್‌ನಲ್ಲಿ ತೊಳೆಯಬಾರದು. 5 ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ತೀರಾ ವಯಸ್ಸಾದವರು ಇರುವ ಮನೆಗೆ ಇದು ಬೇಡ.

ಡಾಕ್ಟರ್ ವಿಚಾರವೂ ಅಷ್ಟೇ ಮುಖ್ಯ. ತಾಲ್ಲೂಕು ಪಶು ಆಸ್ಪತ್ರೆಗಳ ನಿತ್ಯದ ಕೆಲಸ ದನ, ಕುರಿ, ಕೋಳಿ, ನಾಯಿಗಳದ್ದು. ಹಲ್ಲಿ ನೋಡುವ ವೈದ್ಯರು ಯಾರು, ಹಾಸನದಲ್ಲಿ ಸಿಗುತ್ತಾರೋ ಬೆಂಗಳೂರಿಗೇ ಹೋಗಬೇಕೋ ಎಂದು ಪ್ರಾಣಿ ತರುವ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಬೇಕು.

ಅಂಗಡಿಯವರಿಗೆ

ಪೆಟ್ ಅಂಗಡಿ ನಡೆಸಲು 2018ರ ಪೆಟ್ ಶಾಪ್ ನಿಯಮಗಳಡಿ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಬೇಕು. ಟ್ರೇಡ್ ಲೈಸೆನ್ಸ್ ಒಂದೇ ಸಾಲದು. ಮೀನು ಮಾರುವ ಅಂಗಡಿಯಲ್ಲಿ 'ಒಂದೆರಡು ಹಲ್ಲಿ ಇಟ್ಟು ನೋಡೋಣ' ಎನ್ನುವುದು ಸಲ್ಲದು. ಬಸ್ಸಿನ ಪಾರ್ಸೆಲ್‌ನಲ್ಲಿ, ಕೊರಿಯರ್‌ನಲ್ಲಿ ಗುರುತಿಲ್ಲದವರು ಕಳಿಸುವ ಜೀವಂತ ಪ್ರಾಣಿಯ ಡಬ್ಬ ಇಳಿಸಿಕೊಂಡರೆ ಮೊದಲು ಸಿಕ್ಕಿಬೀಳುವುದು ಇಳಿಸಿಕೊಂಡವರೇ. ಆರ್ಡರ್ ತೆಗೆದುಕೊಳ್ಳುವವರು ಗಿರಾಕಿಗೆ ದೀಪ, ಪೆಟ್ಟಿಗೆ, ನೋಂದಣಿಯ ಖರ್ಚನ್ನೂ ಮೊದಲೇ ಹೇಳಲಿ. ಮರಿಯ ಬೆಲೆ ಮಾತ್ರ ಹೇಳಿ ಮಾರಿದರೆ ಆ ಮರಿ ಬಹಳ ದಿನ ಉಳಿಯುವುದಿಲ್ಲ.

ಸಾಕಲು ಆಗದಿದ್ದರೆ?

ಕೆರೆ ಏರಿಯ ಮೇಲೋ ತೋಟಕ್ಕೋ ಬಿಟ್ಟುಬರುವುದು ದೊಡ್ಡ ತಪ್ಪು. ಮಳೆಗೆ, ನಾಯಿಗೆ ಅದು ಬಲಿಯಾಗಬಹುದು. ಅದರ ರೋಗ ಇಲ್ಲಿನ ಓತಿ, ಹಾವುರಾಣಿಗಳಿಗೆ ಹರಡಬಹುದು. ದಾಖಲೆಯೊಂದಿಗೆ ಇನ್ನೊಬ್ಬ ಸಾಕುವವರಿಗೆ ವರ್ಗಾಯಿಸಬೇಕು, ಇಲ್ಲವೇ ಅರಣ್ಯ ಇಲಾಖೆಗೆ ತಿಳಿಸಬೇಕು.

ಇವಿಷ್ಟನ್ನೂ ಓದಿ 'ಯಾಕೋ ಜಾಸ್ತಿ ಆಯ್ತು' ಅನಿಸಿದರೆ ಅದೂ ಒಳ್ಳೆಯ ತೀರ್ಮಾನವೇ. ಇಲ್ಲ, ಸಾಕಿಯೇ ಸಾಕುತ್ತೇವೆ ಎನ್ನುವವರು ಮೊದಲು ಪೆಟ್ಟಿಗೆ ಮಾಡಿಸಿ, ದೀಪ ಹಾಕಿ, ಒಂದು ವಾರ ಖಾಲಿ ಪೆಟ್ಟಿಗೆಯನ್ನೇ ಉರಿಸಿ ಶಾಖ, ತೇವ ಬರೆದಿಟ್ಟು ನೋಡಲಿ. ಹಗಲು, ರಾತ್ರಿ, ಕರೆಂಟ್ ಹೋದಾಗ ಮೂರೂ ಹೊತ್ತು ಲೆಕ್ಕ ಸರಿಬಂದರೆ ಆಮೇಲೆ ಕಾಗದಪತ್ರವಿರುವ, ಸಾಕಣೆಯಲ್ಲೇ ಹುಟ್ಟಿದ ಮರಿಯನ್ನು ಹುಡುಕಬಹುದು.